ಮಣ್ಣಿನೊಳಗಿನ ರೋಮನ್ ನಾಣ್ಯ

ಹಳೆಯ ನಾಣ್ಯ ಕೂಡಿಡುವ ಹವ್ಯಾಸ ನಮ್ಮ ಗಡಿನಾಡಿನ ಹಳ್ಳಿಗಳಲ್ಲೂ ಉಂಟು. ರಾಣಿ ಛಾಪಿನ ರೂಪಾಯಿ, ತೂತಿನ ಕಾಸು, ಮೈಸೂರಿನ ಆನೆ ಕಾಸು ಅನೇಕರ ಪೆಟ್ಟಿಗೆಯಲ್ಲಿವೆ. ಇವೆಲ್ಲಕ್ಕಿಂತ ಬಹು ಹಿಂದಿನ ರೋಮನ್ ನಾಣ್ಯಗಳ ವಿಚಾರವನ್ನು ಇಂದು ತಿಳಿಸುತ್ತೇನೆ. ರೋಮ್ ಎಲ್ಲಿ, ನಮ್ಮ ಓಬಳಾಪುರ ಎಲ್ಲಿ ಎಂದು ನಗಬೇಡಿ. ಆ ನಾಣ್ಯಗಳು ನಮ್ಮ ನೆರೆಯ ಚಿತ್ರದುರ್ಗದವರೆಗೂ ಬಂದಿದ್ದವು.

1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ಕೆಲಸಕ್ಕೆ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಈ ಬೆಳ್ಳಿ ನಾಣ್ಯಕ್ಕೆ ದಿನೇರಿಯಸ್ ಎಂದು ಹೆಸರು. ನಮ್ಮ 'ದೀನಾರ' ಎಂಬ ಮಾತು ಹುಟ್ಟಿದ್ದು ಇದರಿಂದಲೇ. ನಮ್ಮ ಮೆಣಸು, ನವಿರಾದ ಬಟ್ಟೆ, ರತ್ನಗಳಿಗಾಗಿ ರೋಮಿನವರು ಹಣ ಸುರಿಯುತ್ತಿದ್ದರು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಸೆಳೆಯುತ್ತಿದೆಯೆಂದು ಅಲ್ಲಿನ ಪಂಡಿತ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದಿನೇರಿಯಸ್.

ಗುರುತು ಹಿಡಿಯುವುದು ಹೇಗೆ? ಅಗಲ ಹಳೆಯ ನಾಲ್ಕಾಣೆ ಬಿಲ್ಲೆಯಷ್ಟು, ತೂಕ ನಾಲ್ಕು ಗ್ರಾಮಿಗೆ ತುಸು ಕಡಿಮೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಎರಡು ಬಗೆ. ಅಗಸ್ಟಸ್ ಚಕ್ರವರ್ತಿಯದರ ಹಿಂಬದಿಯಲ್ಲಿ ಗುರಾಣಿ, ಈಟಿಗಳೊಡನೆ ನಿಂತ ಇಬ್ಬರು ರಾಜಕುಮಾರರು. ಟೈಬೀರಿಯಸನದರ ಹಿಂಬದಿಯಲ್ಲಿ ಕುಳಿತ ಹೆಂಗಸು. ಕ್ರಿ.ಶ. 64ರಲ್ಲಿ ನೀರೋ ದಿನೇರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಅದಕ್ಕೆ ಮುಂಚಿನವೇ ಇಲ್ಲಿ ಹೆಚ್ಚು. ನಮ್ಮ ವರ್ತಕರು ನೋಡಿದ್ದು ರಾಜನ ಮುಖವನ್ನಲ್ಲ, ಬೆಳ್ಳಿಯ ಕಸುವನ್ನು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಾಗಿ ಅವರ ಜಾಣತನಕ್ಕೆ ನಾನು ತಲೆದೂಗುತ್ತೇನೆ. ಚಿನ್ನದ ರೋಮನ್ ನಾಣ್ಯಗಳಿಗೆ ತೂತು ಕೊರೆದು ಕೊರಳಿಗೆ ಹಾಕಿದ್ದೂ ಉಂಟು. ನಮ್ಮ ಕಾಸಿನ ಸರ, ತೆಲುಗಿನವರ ಕಾಸುಲಪೇರು ನೆನಪಾಗುತ್ತವೆ.

ಆದರೆ ನಾಣ್ಯದ ನಿಜವಾದ ಬೆಲೆ ಅದು ಸಿಕ್ಕ ಜಾಗದಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗದ ಚಂದ್ರವಳ್ಳಿಯನ್ನೂ, ರಾಯದುರ್ಗಕ್ಕೆ ಹತ್ತಿರದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಟೈಬೀರಿಯಸನ ನಾಣ್ಯ ಸಿಕ್ಕಿತು. ಆತ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾಗಿ ಆ ನಾಣ್ಯ ಬಿದ್ದ ಮಣ್ಣಿನ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಅದೇ ಪದರದ ಮಡಕೆ ಚೂರುಗಳಿಗೂ ಹೀಗೆ ಕಾಲದ ಸುಳಿವು ಸಿಕ್ಕಿತು. ಅಂಥದೇ ಚೂರುಗಳು ಬ್ರಹ್ಮಗಿರಿಯಲ್ಲಿ ಕಂಡಾಗ ಅಲ್ಲಿನ ಕಾಲವೂ ತಿಳಿಯಿತು. ಬರಹವಿಲ್ಲದ ಮಡಕೆಗೆ ನಾಣ್ಯ ಸಾಕ್ಷಿ ನುಡಿಯಿತು.

ಅದೇ ನಾಣ್ಯ ಗಿರವಿ ಅಂಗಡಿಗೆ ಹೋಗಿದ್ದರೆ? ಕುಲುಮೆಯಲ್ಲಿ ಕರಗಿ ಕಾಲುಂಗುರವಾಗುತ್ತಿತ್ತು. ಕರಗದೆ ಕೈ ಬದಲಾಯಿಸಿದರೂ ಊರಿನ ಹೆಸರು ಕಳೆದುಕೊಂಡು ಮೂಕವಾಗುತ್ತಿತ್ತು.

ಆದ್ದರಿಂದ ಉಳುವಾಗ, ಬಾವಿ ತೋಡುವಾಗ ಇಂಥದೇನಾದರೂ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸಿಕ್ಕ ಹೊಲ, ಆಳ, ಜೊತೆಗಿದ್ದ ಮಡಕೆ ಇವನ್ನು ಬರೆದಿಡಿ. 1878ರ ನಿಕ್ಷೇಪ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ ಸಿಕ್ಕವನಿಗೂ ನೆಲದ ಒಡೆಯನಿಗೂ ಪಾಲುಂಟು. ಮುಚ್ಚಿಟ್ಟರೆ ಪಾಲೂ ಹೋದೀತು, ಶಿಕ್ಷೆಯೂ ಆದೀತು.

ಹವ್ಯಾಸಿಗಳು ಒಂದು ಲೆಡ್ಜರ್ ಇಡಿ. ಪ್ರತಿ ನಾಣ್ಯದ ಎದುರಿಗೆ ಎಲ್ಲಿ ಸಿಕ್ಕಿತು, ಯಾರಿಂದ ಬಂತು ಎಂದು ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ. ಆ ಒಂದು ಸಾಲು ಇಲ್ಲದ ನಾಣ್ಯ ಬರೀ ಬೆಳ್ಳಿ. ಆ ಸಾಲು ಇದ್ದರೆ ಅದು ನಮ್ಮ ಊರಿನ ಚರಿತ್ರೆ.