ಗುಳೆ ಬಂದವರ ಚಳಿ ಮತ್ತು ನಮ್ಮ ತಪಸ್ಸುಕಾಲ

ಬೂದಿ ಬುಧವಾರ ಸಮೀಪಿಸುತ್ತಿದೆ. ಪ್ರಾರ್ಥನೆ, ಉಪವಾಸ ಮತ್ತು ದಾನಧರ್ಮ ತಪಸ್ಸುಕಾಲದ ಮೂರು ಆಧಾರಸ್ತಂಭಗಳು. ಇವುಗಳಲ್ಲಿ ಮೂರನೆಯದು ಬಹಳಷ್ಟು ಸಲ ಕಾಣಿಕೆ ಡಬ್ಬಿಯ ಬಳಿಯೇ ಮುಗಿದುಹೋಗುತ್ತದೆ. ಈ ಸಲ ನಮ್ಮ ಬಸ್ ನಿಲ್ದಾಣಗಳಲ್ಲಿ, ಅಂಗಡಿ ಜಗಲಿಗಳಲ್ಲಿ ರಾತ್ರಿ ಕಳೆಯುವವರ ಕಡೆಗೂ ಗಮನ ಹರಿಸೋಣ.

ಅವರು ಯಾರು?

ಕೊಪ್ಪಳ ತಾಲೂಕಿನ ಅಳವಂಡಿಯು ಒಂದು ಹೋಬಳಿ ಕೇಂದ್ರ. ಕೊಪ್ಪಳ ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆ ಸೀಮೆಯಲ್ಲಿ ಮಳೆಯನ್ನೇ ನಂಬಿದ ಬೇಸಾಯ ಹೆಚ್ಚು. ಮಳೆ ಕೈಕೊಟ್ಟ ವರ್ಷ ಅಲ್ಲಿನ ಹಳ್ಳಿಗಳಿಂದ ಕುಟುಂಬಗಳು ಕೂಲಿ ಹುಡುಕಿಕೊಂಡು ಹೊರಡುತ್ತವೆ. ಇದನ್ನೇ ಅವರು 'ಗುಳೆ' ಎನ್ನುತ್ತಾರೆ. ಕೊಪ್ಪಳ, ಗದಗ, ಬಾಗಲಕೋಟೆ ಕಡೆಯವರು ಬೆಂಗಳೂರು, ಗೋವಾಗಳಿಗೆ ಹೋಗುವಂತೆ ಮಂಗಳೂರು, ಉಡುಪಿಗೂ ಬರುತ್ತಾರೆ. ನಮ್ಮ ಅನೇಕ ಮನೆಗಳಿಗೆ ತಳಪಾಯ ತೋಡಿದ ಕೈಗಳು ಅವರವು. ಊರಿನಲ್ಲಿ ಮನೆಯಿದ್ದವರು ಇಲ್ಲಿ ಮನೆಯಿಲ್ಲದವರಾಗುತ್ತಾರೆ.

ಅವರೂರಿನಲ್ಲಿ ಚಳಿಗೆ ಕೌದಿ ಇದೆ. ಹಳೆಯ ಸೀರೆ, ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೆಂಗಸರು ಕೈಯಿಂದ ಹೊಲಿದ ಹೊದಿಕೆ ಅದು. ಕರಾವಳಿಯಲ್ಲಿ ಅಂತಹ ಚಳಿ ಎಲ್ಲಿದೆ ಎಂದು ನಾವು ಕೇಳಬಹುದು. ಆದರೆ ಬೆಳಗಿನ ಜಾವದ ಇಬ್ಬನಿಯಲ್ಲಿ, ತಣ್ಣನೆಯ ಸಿಮೆಂಟ್ ನೆಲದ ಮೇಲೆ ಮಲಗುವ ಮಗುವಿಗೆ, ವೃದ್ಧರಿಗೆ, ಜ್ವರ ಬಂದವರಿಗೆ ಇಲ್ಲಿನ ಚಳಿಯೂ ಚಳಿಯೇ.

ಕಾನೂನು ಏನು ಹೇಳುತ್ತದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 17.7 ಲಕ್ಷ ಜನ ವಸತಿರಹಿತರಿದ್ದರು. ದೆಹಲಿಯ ಚಳಿಯಲ್ಲಿ ಬಡವರು ಸತ್ತ ಬಳಿಕ, 2010ರಲ್ಲಿ ಸುಪ್ರೀಂ ಕೋರ್ಟು ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣ ಇರಬೇಕೆಂದು ಹೇಳಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ಕೆಲಸದ ಸ್ಥಳದಲ್ಲಿ ಅಥವಾ ಅದರ ಹತ್ತಿರ ಉಚಿತ ತಾತ್ಕಾಲಿಕ ವಸತಿ, ಅಡುಗೆ ಜಾಗ ಮತ್ತು ಶೌಚಾಲಯ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಹಾಗಾಗಿ ಸೂರು ಕೊಡುವುದು ದಯೆಯ ವಿಷಯ ಮಾತ್ರವಲ್ಲ, ನ್ಯಾಯದ ವಿಷಯವೂ ಹೌದು.

ಧರ್ಮಸಭೆಯ ಬೋಧನೆ

ಬೂದಿ ಬುಧವಾರದ ನಂತರದ ಶುಕ್ರವಾರ ಪ್ರವಾದಿ ಯೆಶಾಯನ 58ನೇ ಅಧ್ಯಾಯದಿಂದ ವಾಚನವಿದೆ. ಮನೆಯಿಲ್ಲದವರಿಗೆ ಆಸರೆ ಕೊಡುವುದೇ ದೇವರು ಮೆಚ್ಚುವ ಉಪವಾಸ ಎಂಬುದು ಅದರ ಸಾರ. ಮೊದಲ ವಾರದ ಸೋಮವಾರ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಬರುತ್ತದೆ. ಅಲ್ಲಿ ಯೇಸುಸ್ವಾಮಿ ತಾವೇ ಪರದೇಶಿಯ ಜಾಗದಲ್ಲಿ ನಿಲ್ಲುತ್ತಾರೆ. ಸಂತ ಮಾರ್ಟಿನರು ಅಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯ ಅರ್ಧವನ್ನು ಕತ್ತರಿಸಿ ಕೊಟ್ಟ ಕಥೆ ನಮಗೆಲ್ಲ ತಿಳಿದಿದೆ. ಪೋಪ್ ಫ್ರಾನ್ಸಿಸರ ಕಾಲದಲ್ಲಿ, 2015ರಲ್ಲಿ, ಸಂತ ಪೇತ್ರರ ಚೌಕದ ಬಳಿ ವಸತಿರಹಿತರಿಗಾಗಿ ಸ್ನಾನಗೃಹಗಳನ್ನು ತೆರೆಯಲಾಯಿತು. 2017ರಿಂದ ಧರ್ಮಸಭೆ ಬಡವರ ವಿಶ್ವ ದಿನವನ್ನು ಆಚರಿಸುತ್ತಿದೆ.

ನಾವೇನು ಮಾಡಬಹುದು?

ಮೊದಲನೆಯದಾಗಿ, ವಾಳೆಯ ಗುರ್ಕಾರರು ಮತ್ತು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ತಮ್ಮ ವ್ಯಾಪ್ತಿಯಲ್ಲಿ ಬಯಲಲ್ಲಿ ಮಲಗುವವರು ಎಲ್ಲಿದ್ದಾರೆ ಎಂದು ತಿಳಿದುಕೊಳ್ಳಲಿ. ಎರಡನೆಯದಾಗಿ, ಹರಿದ ಬಟ್ಟೆ ಬೇಡ, ಒಗೆದ ಗಟ್ಟಿ ಹೊದಿಕೆ ಮತ್ತು ನೆಲಕ್ಕೆ ಹಾಸಲು ಚಾಪೆ ಕೊಡೋಣ. ಮೂರನೆಯದಾಗಿ, ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯೋಣ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ನೆರವಾಗೋಣ. ಮನೆ ಕಟ್ಟಿಸುತ್ತಿರುವವರು ಗುತ್ತಿಗೆದಾರರಲ್ಲಿ, ಕೆಲಸದವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಒಂದು ಮಾತು ಕೇಳಲಿ. ಜಾತಿ, ಮತ ಯಾವುದನ್ನೂ ಕೇಳುವುದು ಬೇಡ.

ಇನ್ನೊಂದು ಮಾತು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ, ದವಸಧಾನ್ಯ ಹರಿದುಬರುತ್ತದೆ. ಅಂದರೆ ಇವರು ಇನ್ನೊಬ್ಬರಿಗೆ ಉಣಬಡಿಸಿ ಗೊತ್ತಿರುವ ನಾಡಿನ ಜನ. ಆದ್ದರಿಂದ ಹೊದಿಕೆ ಕೊಡುವಾಗ ಹೆಸರು ಕೇಳೋಣ, ಊರು ಕೇಳೋಣ, ಎರಡು ನಿಮಿಷ ಕುಳಿತು ಮಾತಾಡೋಣ. ಕೊಡುವ ಕೈ ಮೇಲಿದೆ ಎಂಬ ಭಾವನೆಯನ್ನು ಬಿಡುವುದೂ ತಪಸ್ಸುಕಾಲದ ಒಂದು ಉಪವಾಸವೇ.