ಜೋತ ಚರ್ಮದ ಹಳೇ ಕಥೆ

ವಾರಕ್ಕೊಂದು ಸೆಮಾಗ್ಲುಟೈಡ್ ಇಂಜೆಕ್ಷನ್ ಚುಚ್ಚಿಕೊಂಡು ಹತ್ತು ತಿಂಗಳಲ್ಲಿ 20 ಕೆಜಿ ಇಳಿಸಿದೆ. ಎಲ್ರೂ ಭೇಷ್ ಅಂದ್ರು. ಹೊಟ್ಟೆಯ ಚರ್ಮ ಮಾತ್ರ ಖಾಲಿ ಚೀಲದ ಹಾಗೆ ಜೋತುಬಿತ್ತು! ಮಡಿಕೆಯಲ್ಲಿ ಬೆವರು, ಉರಿ, ತುರಿಕೆ..

ಇದು ಹೊಸ ಕಾಲದ ತೊಂದರೆ ಅಂದ್ಕೊಂಡಿದ್ದೆ. ಓದ್ತಾ ಹೋದ್ರೆ, 1899ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಹೋವರ್ಡ್ ಕೆಲ್ಲಿ ಒಬ್ಬ ಮಹಿಳೆಯ ಜೋತ ಹೊಟ್ಟೆಯಿಂದ ಸುಮಾರು ಏಳೂವರೆ ಕೆಜಿ ಚರ್ಮ, ಕೊಬ್ಬು ಕತ್ತರಿಸಿ ತೆಗೆದಿದ್ದರಂತೆ. 90 ಸೆಂಟಿಮೀಟರ್ ಉದ್ದದ ತುಂಡು, ಊಹಿಸ್ಕೊಳ್ಳಿ! ಸೆಮಾಗ್ಲುಟೈಡ್‌ಗೆ ಅಲ್ಲಿ ತೂಕ ಇಳಿಸೋಕೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಮದ್ದು ಹಸಿವು ತಗ್ಗಿಸುತ್ತೆ, ಚರ್ಮದ ಸೋತ ಎಲಾಸ್ಟಿನ್ ನಾರು ಹೆಣೆಯೋದಿಲ್ಲ. ಅದಕ್ಕೆ ಇವತ್ತಿಗೂ ಕೆಲ್ಲಿಯ ಕತ್ತರಿಯೇ ಗತಿ. ಕ್ರೀಮುಗಳು? ದುಡ್ಡು ದಂಡ, ನಾನೂ ತೆತ್ತಿದ್ದೀನಿ.

ಇನ್ಶೂರೆನ್ಸ್‌ನವ್ರು "ಇದು ಬರೀ ಅಂದಕ್ಕೆ" ಅಂತ ಅರ್ಜಿ ವಾಪಸ್ ಕಳಿಸಿದ್ರು. ಆರು ತಿಂಗಳು ತೂಕ ಒಂದೇ ಕಡೆ ನಿಲ್ಲಲಿ ಅಂದಿದ್ದಾರೆ ಸರ್ಜನ್. ಸದ್ಯಕ್ಕೆ ಮಡಿಕೆಗೆ ಹತ್ತಿ ಬಟ್ಟೆ ಇಟ್ಕೊಂಡು ದಿನ ಎಣಿಸ್ತಿದೀನಿ.