ವಾಗಣಗೇರಿಯ ಮುತ್ತಿಗೆ ಮತ್ತು ಪಾರಸಿ ಬಲ್ಲವರ ಕೊರತೆ

ಭೀಮರಾಯನಗುಡಿಯ ನೆರೆಯ ಸುರಪುರ ಸೀಮೆಯ ವಾಗಣಗೇರಿ ಕೋಟೆಯನ್ನು 1705ರಲ್ಲಿ ಔರಂಗಜೇಬನು ಸ್ವತಃ ಮುತ್ತಿದನು. ಬೇಡ ಅರಸ ಪಿಡ್ಡನಾಯಕನು ಎದುರಿಸಿದ ಈ ಮುತ್ತಿಗೆಯ ವಿವರ ಸಾಕಿ ಮುಸ್ತೈದ್ ಖಾನನ ಪಾರಸಿ ಗ್ರಂಥ ‘ಮಆಸಿರ್-ಇ-ಆಲಂಗೀರಿ’ಯಲ್ಲಿದೆ. ಕನ್ನಡ ಸಂಶೋಧಕರಿಗೆ ಅದು ಬಹುಮಟ್ಟಿಗೆ ಜದುನಾಥ ಸರ್ಕಾರರ ಇಂಗ್ಲಿಷ್ ಅನುವಾದದಿಂದ ದೊರೆತದ್ದು. ಪಾರಸಿ ಆಕರಗಳಲ್ಲಿ ವಾಗಣಗೇರಿಯು ‘ವಾಕಿನ್‌ಕೇರಾ’ ಆಗಿದೆ; ಊರ ಹೆಸರೇ ಹೀಗೆ ಮಾರ್ಪಡುವಲ್ಲಿ ವ್ಯಕ್ತಿನಾಮ, ಬಿರುದುಗಳನ್ನು ಗುರುತಿಸಲು ಎರಡೂ ಭಾಷೆ ಬಲ್ಲವರೇ ಬೇಕು.

ಈ ಕೊರತೆ ಸಂಪನ್ನ ರಾಷ್ಟ್ರಗಳನ್ನೂ ಬಿಟ್ಟಿಲ್ಲ. 2002ರಲ್ಲಿ ಅಮೆರಿಕದ ಕಾಲೇಜುಗಳೆಲ್ಲ ಸೇರಿ ಅರಬ್ಬಿಯಲ್ಲಿ ನೀಡಿದ ಸ್ನಾತಕ ಪದವಿಗಳು ಕೇವಲ ಆರು ಎಂದು 2001ರ ದಾಳಿಯ ತನಿಖಾ ಆಯೋಗವು ದಾಖಲಿಸಿತು.

ಎಂ. ಎಂ. ಕಲಬುರ್ಗಿಯವರು ಮುನ್ನಡೆಸಿದ ಆದಿಲ್‌ಶಾಹಿ ಸಾಹಿತ್ಯದ ಕನ್ನಡ ಅನುವಾದ ಯೋಜನೆಯು ದಾರಿ ತೋರಿದೆ. ಆದರೆ ಮೂಲವನ್ನೇ ಓದಬಲ್ಲ ಹೊಸ ತಲೆಮಾರು ಬಾರದಿದ್ದರೆ, ಅನುವಾದಗಳನ್ನು ಒರೆಗೆ ಹಚ್ಚುವವರಾರು?